ಫಾದರ್ ತೊಳೆದ ಕಾಲು

ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಹನ್ನೆರಡು ಗಂಡಸರ ಕಾಲು ತೊಳೆದರು. ಅವರಲ್ಲೊಬ್ಬ ಚೌರಪ್ಪ. ಮನೆಗೆ ಬಂದರೂ ಆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಲೇ ಜ್ಞಾನಮ್ಮ! ಕ್ರಿಸ್ತ ಧರ್ಮಸಭೆಗೆ ಹೇಗೆ ತಲೆಯೋ, ಗಂಡ ಹೆಂಡತಿಗೆ ಹಾಗೆ. ಇನ್ನು ದಿನಾ ನನ್ನ ಕಾಲು ತೊಳಿ. ಆಗಲ್ಲ ಅಂದ್ರೆ ತವರಿಗೆ ನಡಿ!"

ಅವಳ ಟ್ರಂಕನ್ನು ಎಳೆದು ಹೊಸ್ತಿಲಲ್ಲಿ ಇಟ್ಟೇಬಿಟ್ಟ. ಜ್ಞಾನಮ್ಮ ಬೋಗುಣಿಯಲ್ಲಿ ನೀರು ತುಂಬಿ ತಂದಳು. ಮೂಲೆಯಲ್ಲಿ ಅತ್ತೆ ಟವೆಲ್ ಮಡಚುತ್ತಿದ್ದಳು.

ಜ್ಞಾನಮ್ಮ ಬೋಗುಣಿ ಕೆಳಗಿಟ್ಟು, ತಾನೇ ಮಣೆ ಮೇಲೆ ಕೂತು ಕಾಲು ಚಾಚಿದಳು.

"ರೀ, ನೀವು ಕ್ರಿಸ್ತನ ಜಾಗದಲ್ಲಿದ್ದೀರಿ ಅಂದ್ರಲ್ಲ. ಇವತ್ತಿನ ದಿನ ಬಗ್ಗಿ ಶಿಷ್ಯರ ಕಾಲು ತೊಳೆದದ್ದು ಅವರೇ ತಾನೆ?"

ಚೌರಪ್ಪ ಕೈ ಎತ್ತಿದ. ಜ್ಞಾನಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿದಳು.

ಎತ್ತಿದ ಆ ಕೈಗೆ ಅತ್ತೆ ಟವೆಲ್ ತುರುಕಿದಳು.

"ಬೆರಳ ಸಂದೂ ತೊಳಿ, ಮಗಾ. ಆಮೇಲೆ ನಂದು."