ಓಗೊಡದ ಕಲ್ಲು

ಕಡಲಕೇರಿಯ ಅಳಿವೆ ದಾಟಿ ದೋಣಿಯಲ್ಲಿ ಎರಡು ತಾಸು ಪಡುವಣಕ್ಕೆ ಹೋದರೆ ಹಿರೇಗುಡ್ಡ ಎಂಬ ನಡುಗಡ್ಡೆ ಸಿಗುತ್ತದೆ. ಹದಿನೇಳು ಮನೆ, ಒಂದು ಸಿಹಿನೀರಿನ ಬಾವಿ, ಸುತ್ತ ಕೇದಗೆಯ ಪೊದೆ, ಊರೆಂದರೆ ಅಷ್ಟೇ. ತೆಂಕಣ ತುದಿಯಲ್ಲಿ ನಿಂತರೆ ಎದುರಿಗೆ, ಜೋರಾಗಿ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಕಪ್ಪು ಬಂಡೆಯೊಂದು ಕಾಣುತ್ತದೆ. ಇಳಿತದಲ್ಲಿ ಅದರ ಮೇಲೆ ಇಪ್ಪತ್ತು ಜನ ನಿಲ್ಲಬಹುದು. ಬಿರುಗಾಳಿಯ ದಿನ ಭರತ ಏರಿದರೆ ಹಕ್ಕಿ ಕೂರಲೂ ಜಾಗವಿರುವುದಿಲ್ಲ. ಅದರ ಹೆಸರು ಓಗೊಡದ ಕಲ್ಲು. ಅಲ್ಲಿ ಮಾರ್ದನಿ ಹುಟ್ಟುವುದಿಲ್ಲ, ಅದಕ್ಕೇ ಆ ಹೆಸರು ಎಂದು ಹೊರಗಿನವರಿಗೆ ಹೇಳುವುದುಂಟು. ಅದು ನಾವು ಆಮೇಲೆ ಕಟ್ಟಿಕೊಂಡ ಮಾತು. ನಾನು ಈ ಗುಡ್ಡದವನೇ ಆದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಹಿಂದೆ, ಕರಾವಳಿಯ ಕೋಟೆಗಳಿಗೆ ಇನ್ನೂ ಒಡೆಯರಿದ್ದ ಕಾಲದಲ್ಲಿ, ಬಡಗಣ ಕೋಟೆಯನ್ನು ಶತ್ರುಗಳು ನೆಲದ ಕಡೆಯಿಂದ ಮುತ್ತಿದ್ದರಂತೆ. ಒಳಗಿದ್ದವರಿಗೆ ಉಳಿದದ್ದು ಕಡಲ ದಾರಿಯೊಂದೇ. ಮೃಗಶಿರೆ ಮಳೆ ಹುಟ್ಟಿದ ಮೇಲೆ ಹಡಗು ಬಿಡುವ ರೂಢಿಯಿಲ್ಲ. ಆದರೂ ಕೋಟೆಯಲ್ಲಿ ಮಕ್ಕಳು ಹುಣಸೆಚಿಗುರು ತಿಂದು ಮಲಗುತ್ತಿದ್ದಾರೆಂದು ಕೇಳಿ ತೆಂಕಣ ಬಂದರಿನ ಹನ್ನೆರಡು ಜನ ಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಗಳನ್ನು ಹಡಗಿಗೆ ತುಂಬಿಕೊಂಡು ಹೊರಟರು. ಹಿರೇಗುಡ್ಡದ ಬಳಿ ಬಿರುಗಾಳಿ ಹಿಡಿಯಿತು. ನಡುಹಗಲಲ್ಲೇ ಹಡಗು ಬಂಡೆಗೆ ಬಡಿದು ಎರಡು ಹೋಳಾಯಿತು. ಆಳುಗಳೆಲ್ಲ ಹೇಗೋ ಬಂಡೆ ಹತ್ತಿದರು. ಅಕ್ಕಿಯಿದ್ದ ಹೋಳು ತೇಲಿಬಂದು ನಡುಗಡ್ಡೆಯ ಹತ್ತಿರದ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು.

ನಮ್ಮವರೂ ಹಸಿದಿದ್ದರು ಎನ್ನುತ್ತಾರೆ. ಯುದ್ಧದ ದೆಸೆಯಿಂದ ಆ ವರ್ಷ ದಡದಿಂದ ಒಂದು ಮುಡಿ ಅಕ್ಕಿಯೂ ಬಂದಿರಲಿಲ್ಲ. ಅಂಥ ಗಾಳಿಯನ್ನು ತಡೆಯಬಲ್ಲ ದೋಣಿ ಊರಿನಲ್ಲಿ ಒಂದೇ ಇತ್ತು. ಅದನ್ನು ನಡೆಸುತ್ತಿದ್ದವನು ಊರಿಗೆಲ್ಲ ಹಿರಿಯನಾದ ಜಟ್ಟು ತಾಂಡೇಲ. ಬಂಡೆಯ ಮೇಲಿನವರು "ಓ..." ಎಂದು ಕೂಗಿದರು. ಜಟ್ಟು ದೋಣಿಯನ್ನು ಮರಳದಿಬ್ಬದ ಕಡೆಗೆ ತಿರುಗಿಸಿದ.

ಅವನ ಹೆಂಡತಿ ಮಾಸ್ತಮ್ಮ ಸೊಂಟದವರೆಗಿನ ನೀರಿಗಿಳಿದು, "ಜನ ಕೂಗುತ್ತಿದ್ದಾರೆ, ಕೇಳುವುದಿಲ್ಲವೇ?" ಎಂದಳು.

"ಕೇಳುತ್ತದೆ. ಓಗೊಟ್ಟರೆ ಹೋಗಲೇಬೇಕಾಗುತ್ತದೆ. ಅಕ್ಕಿ ಕಾಯುವುದಿಲ್ಲ, ಕಲ್ಲು ಕಾಯುತ್ತದೆ. ಇದೊಂದು ಸಲ ತಂದುಬಿಡುತ್ತೇನೆ," ಎಂದ ಜಟ್ಟು.

ಒಂದು ಸಲ ಮೂರು ಸಲವಾಯಿತು. ದಡದಲ್ಲಿದ್ದವರೆಲ್ಲ ಮುಡಿ ಹೊತ್ತರು. ಯಾರೂ ಬಂಡೆಯ ಕಡೆಗೆ ಮುಖ ಮಾಡಲಿಲ್ಲ, ಯಾರೂ ಓ ಎನ್ನಲಿಲ್ಲ. ಕೊನೆಗೆ ಜಟ್ಟು ದೋಣಿಯನ್ನು ಅತ್ತ ತಿರುಗಿಸುವಾಗ ಭರತ ಏರಿತ್ತು. ಬಂಡೆ ಇದ್ದಲ್ಲಿ ನೊರೆ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಹಲಗೆಯೊಂದನ್ನು ತಬ್ಬಿಕೊಂಡು ಒಬ್ಬ ಜೀವಂತವಾಗಿ ದಡ ಸೇರಿದ. ಸಂಕಪ್ಪನೆಂದು ಅವನ ಹೆಸರು; ಹಡಗಿನ ಚುಕ್ಕಾಣಿ ಹಿಡಿದಿದ್ದವನು. ಮಾಸ್ತಮ್ಮ ಅವನಿಗೆ ಗಂಜಿ ಬಡಿಸಿದಳು. ಆ ಹಡಗಿನದಲ್ಲದೆ ಬಡಿಸಲು ಬೇರೆ ಅಕ್ಕಿ ಇರಲಿಲ್ಲ. ಎರಡು ತುತ್ತು ಉಂಡು ಅವನು ಕೈಮುಗಿದ.

"ಆ ಗಾಳಿಯಲ್ಲಿ ನಮ್ಮ ಕೂಗು ನಿಮಗೆ ಹೇಗೆ ಕೇಳಬೇಕು, ತಾಂಡೇಲರೇ? ಹನ್ನೊಂದು ಜನ ಹೋದರು, ಅವರ ಹಣೆಬರಹ. ನೀವು ಅನ್ನ ಹಾಕಿದಿರಿ. ನಿಮ್ಮ ಮನೆ ತಣ್ಣಗಿರಲಿ."

ಮನೆ ತುಂಬ ಜನರಿದ್ದರು. ಜಟ್ಟು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ನೆಲ ನೋಡುತ್ತ, "ಕೇಳಿತ್ತು ಮಗಾ. ಎಲ್ಲರಿಗೂ ಕೇಳಿತ್ತು," ಎಂದ.

ಸಂಕಪ್ಪ ಮುಂದಿದ್ದ ಗಂಜಿಯನ್ನು ನೋಡಿದ, ಮೂಲೆಯಲ್ಲಿ ಒಟ್ಟಿದ್ದ ಮುಡಿಗಳನ್ನು ನೋಡಿದ. ಬೈಯಲಿಲ್ಲ. ದಡಕ್ಕೆ ಹೋಗಿ, ಉಂಡ ಕೈಯನ್ನು ಮರಳಿನಲ್ಲಿ ತಿಕ್ಕಿ ತಿಕ್ಕಿ ಒರೆಸಿಕೊಂಡು, ಊರಿಗೆ ಬೆನ್ನುಹಾಕಿ ಕುಳಿತ.

ಗಾಳಿ ಇಳಿದ ನಾಲ್ಕನೆಯ ದಿನ ಜಟ್ಟು ಉಳಿದ ಅಕ್ಕಿಯನ್ನೆಲ್ಲ ದೋಣಿಗೇರಿಸಿ ಸಂಕಪ್ಪನೊಡನೆ ಬಡಗಣ ಕೋಟೆಗೆ ಹೋದ. ಬಾಗಿಲು ತೆರೆದಿತ್ತು. ಹಸಿವು ತಾಳಲಾರದೆ ಒಳಗಿನವರು ಹಿಂದಿನ ದಿನವಷ್ಟೇ ಶರಣಾಗಿದ್ದರು. ಸಂಕಪ್ಪ ಅಲ್ಲೇ ಇಳಿದು, ತಿರುಗಿ ನೋಡದೆ ನಡೆದುಹೋದ. ಬರುವ ದಾರಿಯಲ್ಲಿ ಬಂದರಿನವರು ಹಡಗು ಒಡೆದದ್ದು ಎಲ್ಲಿ ಎಂದು ಕೇಳಿದಾಗ ಜಟ್ಟು, "ನಾವು ಓಗೊಡದ ಕಲ್ಲಿನ ಹತ್ತಿರ," ಎಂದನಂತೆ. ಹೆಸರು ಹಾಗೆ ನಿಂತಿತು. ಜಟ್ಟು ನನ್ನ ಮುತ್ತಜ್ಜನ ಮುತ್ತಜ್ಜ.

ಈಗ ಚಳಿಗಾಲದಲ್ಲಿ ಪ್ರವಾಸಿಗರು ದೋಣಿ ಮಾಡಿಕೊಂಡು ಬಂದು ಬಂಡೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ, ತಮಾಷೆಗೆ ಕೂಗುತ್ತಾರೆ. ಬಲೆ ಹೆಣೆಯುವವರು, ಮೀನು ಒಣಹಾಕುವವರು, ಹಾಸಿಗೆ ಹಿಡಿದ ಮುದುಕರು ಕೂಡ ಕೂಡಲೇ "ಓ" ಎನ್ನುತ್ತಾರೆ. ಎಷ್ಟು ಒಳ್ಳೆಯ ಜನ ಎಂದು ಬಂದವರು ಹೊಗಳುತ್ತಾರೆ. ನಾವು ತಲೆತಗ್ಗಿಸಿ ಕೇಳಿಸಿಕೊಳ್ಳುತ್ತೇವೆ.