ಚಾಪೆಯ ಮೇಲೆ ಕುಳಿತ ಉಪದೇಶಿ

ಪೂಜ್ಯ ಚೌರಪ್ಪಸ್ವಾಮಿಗಳು ಹೊಸಗುಡ್ಡದ ಚರ್ಚಿನಲ್ಲಿದ್ದ ಕಾಲದ ಮಾತಿದು. ಅವರ ಬಿಡಾರವೆಂದರೆ ಹೆಂಚು ಹೊದಿಸಿದ ಎರಡು ಕೋಣೆ, ಹಿತ್ತಲಲ್ಲೊಂದು ನುಗ್ಗೆಮರ. ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದ ಸ್ವಾಮಿಗಳು ಒಂದು ಶನಿವಾರ ಹಿತ್ತಲ ಜಗಲಿಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ ಕುಳಿತಿದ್ದರು. ಅಲ್ಲಿಗೆ ರಾಯಪ್ಪ ಮೇಷ್ಟ್ರು ಬಂದರು.

ಮೇಷ್ಟ್ರು ಮೂವತ್ತು ವರ್ಷಗಳಿಂದ ಆ ಚರ್ಚಿನ ಉಪದೇಶಿ. ಊರಿನ ಅರ್ಧ ಜನಕ್ಕೆ ಶಿಲುಬೆಯ ಗುರುತು ಹಾಕಲು ಕಲಿಸಿದವರೇ ಅವರು. ಜಪದಲ್ಲಿ ಒಂದಕ್ಷರ ತಪ್ಪಿ ಅವರ ಕೈಗೆ ಕಿವಿ ಕೊಡದೆ ಪಾರಾದವರಿಲ್ಲ.

“ಸ್ವಾಮಿಗಳೇ, ಭಾನುವಾರದ ಪೂಜೇಲಿ ಈ ಚಿಕ್ಕಮಕ್ಕಳ ಗದ್ದಲ ಮಿತಿಮೀರಿದೆ. ಏಳು ವರ್ಷ ತುಂಬದೋರನ್ನ ಹೊರಗೆ ಇರಿಸೋಣ. ದೇವರ ಮನೆಗೆ ಒಂದು ಗಾಂಭೀರ್ಯ ಬೇಡವೇ?”

ಸ್ವಾಮಿಗಳು ಸೊಪ್ಪಿನ ಕಡ್ಡಿಗಳನ್ನು ಪಕ್ಕಕ್ಕೆ ಸರಿಸಿದರು. “ನಾಳೆ ಒಂದು ದಿನ ನೀವೇ ಅವರ ಮಧ್ಯೆ ಕೂತ್ಕೊಳ್ಳಿ ಮೇಷ್ಟ್ರೇ. ಆಮೇಲೂ ಹಾಗೇ ಅನ್ನಿಸಿದ್ರೆ, ನೀವು ಹೇಳಿದಂತೆ ಆಗಲಿ.”

ಒಂದು ದಿನ ತಾನೇ, ಎಂದು ಮೇಷ್ಟ್ರು ಒಪ್ಪಿಕೊಂಡರು.

ಮೇಷ್ಟ್ರ ಒಳಗೊಂದು ನೋವಿತ್ತು. ಹನ್ನೊಂದು ವರ್ಷಗಳ ಹಿಂದೆ ಅವರ ಒಬ್ಬಳೇ ಮಗಳು ಸೆಲಿನ್, ಆರು ವರ್ಷದ ಕೂಸು, ಜ್ವರದಲ್ಲಿ ತೀರಿಕೊಂಡಿದ್ದಳು. ಮೂರು ದಿನ ಅವರು ಮಂಡಿಯೂರಿ ಬೇಡಿದ್ದರು. ಮಣ್ಣು ಮಾಡಿ ಬಂದ ಮೇಲೆ ಅವರಿಂದ ಜಪ ಹೊರಡಲಿಲ್ಲ. ಉಪದೇಶ ಮಾಡುತ್ತಿದ್ದರು, ಮಕ್ಕಳ ತಪ್ಪು ತಿದ್ದುತ್ತಿದ್ದರು. ಪೂಜೆಯಲ್ಲಿ ಮಾತ್ರ ಎಲ್ಲರೊಂದಿಗೆ ಬರಿದೇ ತುಟಿ ಆಡಿಸುತ್ತಿದ್ದರು. ಮನೆಯಲ್ಲಿ ಮಗಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಹೆಂಡತಿ ಲೂರ್ದಮ್ಮನವರು ಹೆಸರೆತ್ತುವುದನ್ನೇ ಬಿಟ್ಟಿದ್ದರು.

ಭಾನುವಾರ ಪೀಠದ ಮುಂದಿನ ಚಾಪೆಯ ಮೇಲೆ ಇಪ್ಪತ್ತು ಮಕ್ಕಳ ನಡುವೆ ಮೇಷ್ಟ್ರು ಬಿಗಿಯಾಗಿ ಕುಳಿತರು. ಸ್ವಾಮಿಗಳ ಪ್ರಬೋಧನೆಯ ಮಾತು ಮುಗಿಯುವಷ್ಟರಲ್ಲಿ ಒಂದು ಮಗು ಅವರ ತೊಡೆಗೆ ಒರಗಿ ನಿದ್ದೆಹೋಗಿತ್ತು. ಅದನ್ನು ಎತ್ತಿ ಪಕ್ಕಕ್ಕೆ ಮಲಗಿಸಲು ಅವರಿಗೆ ಕೈ ಬರಲಿಲ್ಲ. ಹಾಗಾಗಿ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಎಂದು ಸಭೆಯೆಲ್ಲ ಎದ್ದು ನಿಂತಾಗಲೂ ಅವರು ಕುಳಿತೇ ಇದ್ದರು.

ಪಕ್ಕದಲ್ಲಿ ನಿಂತಿದ್ದವಳು ರೇಷ್ಮೆಹುಳು ಸಾಕುವ ಇನ್ನಾಸಪ್ಪನ ಮಗಳು ಪಿಲೋಮಿನ. ಐದು ವರ್ಷ. ಅವಳ ಮುಖ ಮೇಷ್ಟ್ರ ಮುಖಕ್ಕೆ ಸರಿಸಮವಾಗಿತ್ತು. ಜಪ ಮುಗಿಯುವವರೆಗೂ ಅವರ ಬಾಯನ್ನೇ ನೋಡಿದಳು.

“ತಾತ, ನಿಮ್ಮ ಬಾಯಲ್ಲಿ ಮಾತೇ ಬರ್ತಿಲ್ಲ. ಮರ್ತುಹೋಯ್ತಾ?”

ಹನ್ನೊಂದು ವರ್ಷ ಯಾರೂ ಕಂಡಿರದುದನ್ನು ಮಗು ಕಂಡುಬಿಟ್ಟಿತ್ತು. ಸುಳ್ಳು ಹೇಳಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ.

“ಹೂಂ ಕಣವ್ವ. ಮರ್ತುಹೋಯ್ತು.”

“ನಾನು ಹೇಳ್ಕೊಡ್ತೀನಿ, ಹೇಳಿ.” ಅವರ ಎರಡೂ ಕೈಗಳನ್ನು ಹಿಡಿದು ಜೋಡಿಸಿ, ಅವಳು ಮೊದಲಿನಿಂದ ಶುರುಮಾಡಿದಳು.

ಪೀಠದ ಬಳಿ ಸ್ವಾಮಿಗಳು ಮುಂದಿನ ಮಾತನ್ನು ಆಡದೆ, ಚಾಚಿದ ಕೈಗಳನ್ನು ಇಳಿಸದೆ, ಹಾಗೆಯೇ ನಿಂತರು. ಅವರು ನಿಂತದ್ದು ಕಂಡು ಸಭೆಯೂ ಮೌನವಾಯಿತು. ಮಗು ಒಂದು ಸಾಲು ಹೇಳುವುದು, ಮೇಷ್ಟ್ರು ಅದನ್ನೇ ಹೇಳುವುದು. ‘ಅನುದಿನದ ಆಹಾರ’ ಎನ್ನುವ ಕಡೆ ಪಿಲೋಮಿನ ‘ಅನ್ನದಿನದ ಆಹಾರ’ ಎಂದಳು. ಮೇಷ್ಟ್ರು ತಿದ್ದಲಿಲ್ಲ. ‘ಅನ್ನದಿನದ ಆಹಾರ’ ಎಂದೇ ಬೇಡಿಕೊಂಡರು. ಆಮೆನ್ ಎಂದ ಮೇಲೆಯೇ ಸ್ವಾಮಿಗಳು ಪೂಜೆ ಮುಂದುವರಿಸಿದರು.

ಪೂಜೆ ಮುಗಿದ ಮೇಲೆ ಮೇಷ್ಟ್ರು ಸ್ವಾಮಿಗಳ ಮುಂದೆ ತಲೆತಗ್ಗಿಸಿ ನಿಂತರು. “ಹನ್ನೊಂದು ವರ್ಷದಿಂದ ಜಪ ಮಾಡಿರಲಿಲ್ಲ ಸ್ವಾಮಿಗಳೇ. ಇವತ್ತು ಮಾಡಿದ್ದೂ ತಪ್ಪುತಪ್ಪಾಗಿ.”

“ತಪ್ಪಾಗಿ ಕರೆದರೂ ಅಪ್ಪನಿಗೆ ಮಗುವಿನ ದನಿ ಗೊತ್ತಾಗುತ್ತೆ, ಮೇಷ್ಟ್ರೇ,” ಎಂದರು ಸ್ವಾಮಿಗಳು. ಮಕ್ಕಳನ್ನು ಹೊರಗಿಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ಭಾನುವಾರ, ಅಳುವ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ಅಳುಕಿ ನಿಂತಿದ್ದ ತಾಯಿಯನ್ನು ಮೇಷ್ಟ್ರೇ ಒಳಗೆ ಕರೆತಂದು ಮುಂದೆ ಕೂರಿಸಿದರೆಂದು ಹಿರಿಯರು ಹೇಳುತ್ತಾರೆ.

ಅದಕ್ಕೂ ಮೊದಲು, ಪೂಜೆ ಮುಗಿಸಿ ಮನೆಗೆ ಬಂದ ಆ ಮಧ್ಯಾಹ್ನ, ಊಟಕ್ಕೆ ಕುಳಿತ ಮೇಷ್ಟ್ರು ಮೆಲ್ಲಗೆ ಅಂದರು: “ನಮ್ಮ ಸೆಲಿನ್ನೂ ಹಿಂಗೇ ತಪ್ಪು ಹೇಳ್ತಿದ್ಲು, ಅಲ್ವೇನೇ?”

ಲೂರ್ದಮ್ಮನವರು ಸಾರಿನ ಸೌಟನ್ನು ಕೆಳಗಿಟ್ಟು ಗಂಡನ ಪಕ್ಕದಲ್ಲೇ ಕುಳಿತರು. ಅಂದು ಸಂಜೆಯವರೆಗೂ ಅವರಿಬ್ಬರೂ ಮಗಳ ಮಾತನ್ನೇ ಆಡಿದರು. ನಡುನಡುವೆ ನಕ್ಕರು ಕೂಡ.