ಹಾಸುಗಲ್ಲಿನ ಬೆಲ್ಲ

ಕರಡಿಧಾಮದ ಬೇಲಿಯ ಆಚೆ ಗುಡ್ಡ, ಈಚೆ ಹೊಳೆ. ಎರಡರ ನಡುವೆ ಇಮಾಮಸಾಬ ಮಾಸ್ತರ ಕಲ್ಲುಮನೆ.

ನಲವತ್ತು ವರ್ಷ ಆ ಗುಡ್ಡದ ಕರಡಿಗಳ ಫೋಟೊ ತೆಗೆದವರು ಮಾಸ್ತರು. ಕಲಿಯಲು ಬಂದವರಲ್ಲಿ ವರ್ಷಕ್ಕೆ ಒಬ್ಬರನ್ನು ಮಾತ್ರ ಜೊತೆಗಿಟ್ಟುಕೊಳ್ಳುತ್ತಿದ್ದರು.

ಆ ವರ್ಷ ಹೋಳಿಹುಣ್ಣಿಮೆ ಮುಗಿದ ಮೇಲೆ ಬಂದವಳು ಪಂಪಾವತಿ.

ಆಕೆಯ ತಂದೆಯದು ಊರಲ್ಲಿ ಫೋಟೊ ಸ್ಟುಡಿಯೊ. ಹದಿನಾರನೆಯ ವಯಸ್ಸಿಗೇ ಮದುವೆಮನೆಗಳಲ್ಲಿ ಕ್ಯಾಮೆರಾ ಹಿಡಿದವಳು. ಮುನಿಸಿಕೊಂಡ ಬೀಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು. ಅಳುವ ಮದುಮಗಳನ್ನು ಎರಡು ಮಾತಿನಲ್ಲಿ ನಗಿಸುತ್ತಿದ್ದಳು.

"ನನ್ನ ಕೈಯಾಗ ಫೋಟೊ ಕೆಟ್ಟದ್ದೇ ಇಲ್ರಿ ಮಾಸ್ತರ," ಎಂದಳು ಮೊದಲ ದಿನ.

"ಚೊಲೊ ಆತು," ಎಂದರು ಮಾಸ್ತರು. "ನಾಳೆಯಿಂದ ಗುಡ್ಡದ ಬುಡಕ್ಕ ಹೋಗಿ ಕೂಡು."

"ಕೂತು ಏನು ಮಾಡ್ಲಿ?"

"ಕೂಡೂದು ಬಂದಮ್ಯಾಲೆ ಕೇಳು."

ಪಂಪಾವತಿ ಐದು ತಿಂಗಳು ಕೂತಳು.

ಬಂಡೆಗಳು ಕಾದವು, ತಣಿದವು. ಅವಳಿಗೆ ಸಿಕ್ಕದ್ದು ಕರಡಿಯ ಬೆನ್ನು, ಪೊದೆಯಲ್ಲಿ ಅರ್ಧ ಕಿವಿ, ಎದ್ದ ದೂಳು.

ಶ್ರಾವಣದ ಒಂದು ಸಂಜೆ ಅದು ಕಂಡಿತು. ತಾಯಿ ಕರಡಿ. ಬೆನ್ನಿನ ಮೇಲೆ ಕೂದಲು ಹಿಡಿದು ಕೂತ ಎರಡು ಮರಿಗಳು. ಪಂಪಾವತಿ ಕ್ಯಾಮೆರಾ ಎತ್ತುವಷ್ಟರಲ್ಲಿ ಮೂರೂ ಬಂಡೆಯ ಹಿಂದೆ ಸರಿದಿದ್ದವು.

"ಮಾಸ್ತರ, ಇನ್ನೊಂದು ಕ್ಷಣ ನಿಂತಿದ್ರ ಸಾಕಿತ್ತು," ಎಂದಳು ಅವತ್ತು.

"ಯಾರಿಗೆ ಸಾಕಿತ್ತು?" ಎಂದರು ಮಾಸ್ತರು.

ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಜಿಲ್ಲೆಯ ದೊಡ್ಡ ಚಿತ್ರಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು. ಅವಳ ಮನಸ್ಸು ಅಲ್ಲಿತ್ತು.

ಮರುದಿನ ಅವಳು ಬೆಲ್ಲದ ಎರಡು ಉಂಡೆ ತಂದಳು. ನೀರಿನಲ್ಲಿ ಕರಗಿಸಿದಳು. ಬೇಲಿಯ ಹೊರಗೆ, ಹೊಳೆಯ ಕಾಲುದಾರಿಯ ಪಕ್ಕ ಒಂದು ಹಾಸುಗಲ್ಲಿತ್ತು. ಸಂಜೆ ಐದರ ಬಿಸಿಲು ಅದರ ಮೇಲೆ ಓರೆಯಾಗಿ ಬೀಳುತ್ತಿತ್ತು. ಅಂದಿನಿಂದ ದಿನಾ ಆ ಕಲ್ಲಿಗೆ ಬೆಲ್ಲದ ನೀರು ಸವರಿದಳು.

ಮಾಸ್ತರಿಗೆ ಹೇಳಲಿಲ್ಲ.

ಬೇಲಿ ಒಂದು ಕಡೆ ಕುಸಿದಿತ್ತು. ನಾಲ್ಕನೆಯ ದಿನ ಕರಡಿ ಅಲ್ಲಿಂದ ಇಳಿದು ಬಂತು. ಒಂಬತ್ತನೆಯ ದಿನ ಬೆಳಕು ಅವಳು ಬಯಸಿದಂತೆಯೇ ಬಿತ್ತು. ತಾಯಿ ಕಲ್ಲನ್ನು ನೆಕ್ಕುತ್ತಿದ್ದಳು. ಬೆನ್ನಿನ ಮೇಲೆ ಒಂದು ಮರಿ ನಿದ್ದೆಗಣ್ಣಿನಲ್ಲಿತ್ತು. ಇನ್ನೊಂದು ತಾಯಿಯ ಕಿವಿಯ ಮೇಲಿಂದ ಇಣುಕಿ ನೇರವಾಗಿ ಪಂಪಾವತಿಯ ಕಡೆ ನೋಡಿತು.

ಅವಳ ಬೆರಳು ತಪ್ಪಲಿಲ್ಲ.

ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಬಂತು. ವೇದಿಕೆಗೆ ಕರೆದು ಶಾಲು ಹೊದಿಸಿದರು. ತಂದೆ ಸ್ಟುಡಿಯೊದ ಬಾಗಿಲಿಗೆ ಆ ಚಿತ್ರವನ್ನು ಕಟ್ಟಿ, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ, "ನನ್ನ ಮಗಳು ತೆಗೆದದ್ದು," ಎಂದರು.

ಪಂಪಾವತಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶಾಲು ಹೊದ್ದುಕೊಂಡೇ ಮಾಸ್ತರ ಮನೆಗೆ ಬಂದಳು. ಚಿತ್ರವನ್ನು ಅವರ ತೊಡೆಯ ಮೇಲಿಟ್ಟಳು.

ಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಮರಿ ಕಣ್ಣಾಗ ಬೆಳಕು ಚೊಲೊ ಕುಂತೈತಿ," ಎಂದರು.

ಅವಳ ಎದೆ ಉಬ್ಬಿತು.

"ಕಲ್ಲು ಯಾಕ ಹಸಿ ಐತಿ?"

ಪಂಪಾವತಿ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು.

"ಮಳಿ ಬಂದಿತ್ತೇನು?"

"ಇಲ್ರಿ."

"ಆ ದಾರೀಲೆ ಯಾರ್ಯಾರು ಅಡ್ಡಾಡ್ತಾರ?"

"ನಾ ನೋಡಿಲ್ರಿ ಮಾಸ್ತರ. ನಾ ಕಲ್ಲಷ್ಟ ನೋಡ್ತಿದ್ದೆ."

ಮಾಸ್ತರು ಚಿತ್ರವನ್ನು ಅವಳ ಕೈಗೆ ತಿರುಗಿ ಕೊಟ್ಟರು.

"ಸಂಜಿಕ ಅಲ್ಲಿಗೆ ಹೋಗು. ಕ್ಯಾಮೆರಾ ಬ್ಯಾಡ. ಈ ಸರ್ತಿ ದಾರಿ ನೋಡು."

ಅವಳು ಹೋದಳು. ಕಲ್ಲಿನಿಂದ ನೂರು ಹೆಜ್ಜೆ ದೂರದ ಬಂಡೆ ಹತ್ತಿ ಕೂತಳು.

ಐದಕ್ಕೆ ಸರಿಯಾಗಿ ಕರಡಿ ಬಂತು. ಬರಿಗಲ್ಲನ್ನು ನೆಕ್ಕಿತು. ಉಗುರಿನಿಂದ ಕೆರೆಯಿತು. ಮೂಗು ಎತ್ತಿ ದಾರಿಯುದ್ದಕ್ಕೂ ಮೂಸುತ್ತ ಹೊರಟಿತು.

ಅದೇ ದಾರಿಯ ತಿರುವಿನಲ್ಲಿ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಹೊರೆಯ ಅಂಚು ಕಣ್ಣಿಗೆ ಅಡ್ಡವಾಗಿತ್ತು. ಅವಳಿಗೆ ಕರಡಿ ಕಾಣಲಿಲ್ಲ.

ಪಂಪಾವತಿ ಗಂಟಲು ಹರಿಯುವಂತೆ ಕೂಗಿದಳು.

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಮರಿಗಳು ಚೀರಿದವು. ಆ ಹೆಣ್ಣುಮಗಳು ಹೊರೆ ಬಿಸಾಡಿ ಹಿಂದಕ್ಕೆ ಓಡಿದಳು, ಎಡವಿದಳು, ಕಲ್ಲಿನ ಮೇಲೆ ಬಿದ್ದಳು. ಕರಡಿ ನಾಲ್ಕು ಹೆಜ್ಜೆ ನುಗ್ಗಿತು. ಹುಲ್ಲಿನ ಹೊರೆಗೆ ಒಂದು ಹೊಡೆತ ಹೊಡೆಯಿತು. ಆಮೇಲೆ ಮರಿಗಳನ್ನು ಹೊತ್ತುಕೊಂಡು ಗುಡ್ಡದ ಕಡೆ ಓಡಿತು.

ಪಂಪಾವತಿ ಇಳಿದು ಓಡಿ ಬಂದಳು. ಬಿದ್ದವಳ ಬಲಗೈಯ ಮಣಿಕಟ್ಟು ಸೊಟ್ಟಗಾಗಿತ್ತು.

"ನನ್ನ ಹೆಸರು ಹನುಮವ್ವ," ಎಂದಳು ಆಕೆ, ನಡುಗುತ್ತ, ಯಾರೋ ಕೇಳಿದಂತೆ. "ನಮ್ಮವ್ವ ಇದ ದಾರೀಲೆ ಹುಲ್ಲು ತಂದಾಳ. ಆಕಿ ಅವ್ವನೂ ತಂದಾಳ. ಇಲ್ಲಿ ಯಾವತ್ತೂ ಕರಡಿ ಇಳಿದಿದ್ದಿಲ್ಲ ಯವ್ವಾ. ಇವತ್ತ್ಯಾಕ ಬಂತು?"

ಪಂಪಾವತಿ ಹೇಳಬಹುದಿತ್ತು, ಹೇಳದೆಯೂ ಇರಬಹುದಿತ್ತು.

"ನಾ ಕರದೀನಿ," ಎಂದಳು. "ಬೆಲ್ಲ ಹಚ್ಚಿ."

ಹನುಮವ್ವ ಅವಳ ಮುಖ ನೋಡಿದಳು. ಹೊದ್ದ ಶಾಲು ನೋಡಿದಳು. ಆ ಶಾಲನ್ನೇ ಹರಿದು ಪಂಪಾವತಿ ಆಕೆಯ ಕೈಯನ್ನು ಕೊರಳಿಗೆ ಕಟ್ಟಿ, ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಮಾಸ್ತರ ಎದುರು ತಲೆ ತಗ್ಗಿಸಿ ನಿಂತಳು.

"ಬಹುಮಾನ ವಾಪಸ್ ಕೊಡ್ತೀನಿ. ಪ್ರದರ್ಶನದವರಿಗೆ ಇದ್ದದ್ದು ಇದ್ದಂಗ ಕಾಗದ ಬರದೀನಿ."

"ಬರದದ್ದು ಚೊಲೊ ಆತು. ಆ ಕಾಗದ ಕರಡಿಗೆ ಓದಿ ಹೇಳ್ತೀಯೇನು?"

ಅವಳ ಕಣ್ಣು ತುಂಬಿತು.

"ಏನು ಮಾಡ್ಲಿ ಹೇಳ್ರಿ ಮಾಸ್ತರ."

"ಆ ಕರಡಿಗೆ ಕಲ್ಲಿನ ರುಚಿ ಕಲಿಸಿದಾಕಿ ನೀನು. ಮರಸಬೇಕಾದಾಕಿನೂ ನೀನ."

"ಎಷ್ಟು ದಿನ ಹಿಡೀತೈತ್ರಿ?"

"ಕರಡಿ ಹೇಳ್ತೈತಿ. ನಾ ಏನು ಬಲ್ಲೆ?"

ಪಂಪಾವತಿ ಅರಣ್ಯ ಇಲಾಖೆಯ ಗಾರ್ಡಿನ ಬಳಿ ಹೋಗಿ ತಾನೇ ಒಪ್ಪಿಕೊಂಡಳು. ಅವನು ಬೈದ. ತಪ್ಪೊಪ್ಪಿಗೆ ಬರೆಸಿಕೊಂಡು ಸಹಿ ಹಾಕಿಸಿದ. ಕುಸಿದ ಬೇಲಿಗೆ ಅಂದೇ ಮುಳ್ಳು ಹಾಕಿಸಿದ. ಎರಡೇ ದಿನದಲ್ಲಿ ಕರಡಿ ಅದನ್ನು ಕಿತ್ತು ಬಂತು. ಕೊನೆಗೆ ಅವನು ಅವಳಿಗೆ ಒಂದು ಸೀಟಿ, ಒಂದು ಖಾಲಿ ಎಣ್ಣೆ ಡಬ್ಬಿ ಕೊಟ್ಟು, "ದೂರದಿಂದ ಬಾರಿಸು. ಹತ್ರ ಹೋದರೆ ನಿನ್ನನ್ನೇ ಹೊರಗೆ ಹಾಕ್ತೀನಿ," ಎಂದ.

ಅಂದು ಮಧ್ಯಾಹ್ನ ಪಂಪಾವತಿ ಹೊಳೆಯಿಂದ ಕೊಡದಲ್ಲಿ ನೀರು ಹೊತ್ತು ಹಾಸುಗಲ್ಲನ್ನು ತೊಳೆದಳು. ಬೂದಿ ಹಾಕಿ ತಿಕ್ಕಿದಳು. ಅಂಗೈಯ ಚರ್ಮ ಸುಲಿಯಿತು.

ಗಾರ್ಡು ಕಾಲುದಾರಿ ಮುಚ್ಚಿಸಿದ್ದ, ಅಲ್ಲಿ ಯಾರೂ ಬರುವಂತಿರಲಿಲ್ಲ. ಹುಲ್ಲಿಗೆ ಹೋಗುವ ಹೆಣ್ಣುಮಕ್ಕಳು ಗುಡ್ಡ ಸುತ್ತಿ ಎರಡು ಮೈಲಿ ಹೆಚ್ಚು ನಡೆಯಬೇಕಾಯಿತು.

"ಈಕಿ ಫೋಟೊದ ಹುಚ್ಚಿಗೆ ನಮ್ಮ ಕಾಲು ಸವೀಬೇಕೇನು?" ಎಂದು ಅವಳಿಗೆ ಕೇಳುವಂತೆಯೇ ಬೈದರು.

ಹನುಮವ್ವನ ಕೈ ಪಟ್ಟಿಯಲ್ಲಿತ್ತು. ಆಕೆಯ ಮನೆಯ ಎಮ್ಮೆಗೆ ಹುಲ್ಲು ಬೇಕಿತ್ತು. ಪಂಪಾವತಿ ಕುಡುಗೋಲು ಇಸಿದುಕೊಂಡಳು.

ಮೊದಲ ದಿನ ಬೆರಳು ಕೊಯ್ದುಕೊಂಡಳು. ಎರಡನೆಯ ದಿನ ಹೊರೆ ಕಟ್ಟಿದ್ದು ದಾರಿಯಲ್ಲೇ ಬಿಚ್ಚಿಹೋಯಿತು. ಹೆಣ್ಣುಮಕ್ಕಳು ನಕ್ಕರು. ಆಮೇಲೆ ಅವರಲ್ಲೊಬ್ಬಳು ಹೊರೆ ಹೇಗೆ ಕಟ್ಟಬೇಕೆಂದು ತೋರಿಸಿಕೊಟ್ಟಳು.

ದಿನಾ ಹುಲ್ಲು ಇಳಿಸಿ, ನಾಲ್ಕೂವರೆಗೆ ಬಂಡೆ ಹತ್ತುತ್ತಿದ್ದಳು. ಐದಕ್ಕೆ ಕರಡಿ ಬರುತ್ತಿತ್ತು. ಅವಳು ಡಬ್ಬಿ ಬಾರಿಸುತ್ತಿದ್ದಳು.

ಹನ್ನೊಂದು ದಿನ ಕರಡಿ ತಪ್ಪದೆ ಬಂತು. ಡಬ್ಬಿಯ ಸದ್ದಿಗೆ ನಿಂತು, ಬಂಡೆಯ ಕಡೆ ನೋಡಿ, ಆದರೂ ಕಲ್ಲನ್ನು ಒಮ್ಮೆ ನೆಕ್ಕಿಯೇ ಹೋಗುತ್ತಿತ್ತು.

"ಮಾಸ್ತರ, ನಾ ಬಾರಿಸಿದ್ದು ಆಕಿ ತಲಿಗೆ ಹತ್ತೂದಿಲ್ರಿ."

"ನಾ ಕೂಡು ಅಂದದ್ದು ನಿನಗ ಎಷ್ಟು ದಿನಕ್ಕ ಹತ್ತಿತ್ತು?"

ಹನ್ನೆರಡನೆಯ ದಿನ ಕರಡಿ ಬರಲಿಲ್ಲ. ಹದಿಮೂರಕ್ಕೆ ಬಂತು. ಇಪ್ಪತ್ತರ ಹೊತ್ತಿಗೆ ದಿನ ಬಿಟ್ಟು ದಿನ. ಒಂದು ಸಂಜೆ ತಾಯಿ ದೂರವೇ ನಿಂತಳು. ಮರಿಯೊಂದು ಮಾತ್ರ ಬೆನ್ನಿನಿಂದ ಇಳಿದು ಬಂದು ಕಲ್ಲಿಗೆ ನಾಲಿಗೆ ಇಟ್ಟಿತು. ತಾಯಿಯ ಕಿವಿಯ ಮೇಲಿಂದ ಇಣುಕಿದ್ದ ಮರಿಯೇ ಇರಬೇಕು. ಪಂಪಾವತಿಯ ಕೈ ಒಂದು ಗಳಿಗೆ ಏಳಲಿಲ್ಲ. ಆಮೇಲೆ, ಇದ್ದಬದ್ದ ಶಕ್ತಿ ಹಾಕಿ ಡಬ್ಬಿ ಬಾರಿಸಿದಳು. ಮರಿ ಉರುಳಿಬಿದ್ದು ತಾಯಿಯ ಕಡೆ ಓಡಿತು.

ಅವತ್ತು ಅವಳಿಗೆ ಊಟ ಸೇರಲಿಲ್ಲ.

ದಸರಾ ಕಳೆಯಿತು. ಆಮೇಲೆ ಹತ್ತು ದಿನ ಕಲ್ಲಿನ ಹತ್ತಿರ ಕರಡಿ ಸುಳಿಯಲಿಲ್ಲ. ಅವಳು ಆ ಹತ್ತೂ ದಿನ ಬಂಡೆ ಹತ್ತಿದಳು.

ಹನ್ನೊಂದನೆಯ ದಿನ ಹನುಮವ್ವನೂ ಜೊತೆಗೆ ಹತ್ತಿ ಬಂದಳು. ಆಕೆಯ ಕೈಪಟ್ಟಿ ಬಿಚ್ಚಿದ್ದರು.

"ಅಲ್ಲಿ," ಎಂದು ಹನುಮವ್ವ ಪಿಸುಗುಟ್ಟಿದಳು.

ದೂರ, ಗುಡ್ಡದ ಪಡುವಣ ಮಗ್ಗುಲಲ್ಲಿ, ಮನುಷ್ಯರ ದಾರಿಯೇ ಇಲ್ಲದ ಕಡೆ, ತಾಯಿ ಕರಡಿ ಗೆದ್ದಲಿನ ಹುತ್ತ ಕೆಡವುತ್ತಿದ್ದಳು. ಮಣ್ಣು ಹಾರಿತು. ಮೂತಿಯನ್ನು ಒಳಗಿಟ್ಟು ಗೆದ್ದಲನ್ನು ಎಳೆದುಕೊಂಡಳು. ಅಷ್ಟು ದೂರಕ್ಕೂ ಆ ಹೀರುವ ಸದ್ದು ಕೇಳಿತು. ಮರಿಗಳು ಬೆನ್ನಿನಿಂದ ಜಾರಿ ಇಳಿದವು. ಒಂದೊಂದಾಗಿ ಬಂದು, ಅವ್ವನ ಮೂತಿಯ ಪಕ್ಕ ತಮ್ಮ ಮೂತಿ ತೂರಿಸಿದವು. ಒಂದು ಸೀನಿತು. ಮತ್ತೆ ತೂರಿಸಿತು.

ಪಂಪಾವತಿಯ ಕೈಯಲ್ಲಿ ಡಬ್ಬಿ ಮಾತ್ರ ಇತ್ತು. ಅದನ್ನು ಸದ್ದಾಗದಂತೆ ಮೆಲ್ಲಗೆ ಕೆಳಗಿಟ್ಟಳು. ಎದ್ದು ನಿಂತಳು. ಕತ್ತು ನೆಟ್ಟಗಾಯಿತು.

ಹನುಮವ್ವ ಅವಳನ್ನೇ ನೋಡಿದಳು.

"ಹಡದ ಮಕ್ಕಳು ಪರೀಕ್ಷೆ ಪಾಸಾದಂಗ ನಿಂತೀಯಲ್ಲ ಯವ್ವಾ!"

"ಹೌದಕ್ಕಾ," ಎಂದಳು ಪಂಪಾವತಿ. "ಹಂಗ ಅನಸಾಕ ಹತ್ತೇತಿ."

ಹೊತ್ತು ಮುಳುಗುವ ಮೊದಲೇ ಇಬ್ಬರೂ ಇಳಿದರು.

ಮಾರನೆಯ ದಿನ ಗಾರ್ಡು ಬಂದು ನೋಡಿ, ಇನ್ನೂ ನಾಲ್ಕು ದಿನ ಕಾದು, ದಾರಿ ಬಿಟ್ಟುಕೊಟ್ಟ. ಹೆಣ್ಣುಮಕ್ಕಳು ಹೊರೆ ಹೊತ್ತು ಹಾಸುಗಲ್ಲಿನ ಪಕ್ಕದಲ್ಲೇ ಮಾತಾಡಿಕೊಂಡು ನಡೆದುಹೋದರು.

ಪಂಪಾವತಿ ಮಾಸ್ತರ ಮನೆಗೆ ಬಂದಳು. ಮಾಸ್ತರು ಅಂಗಳದಲ್ಲಿ ಕೂತಿದ್ದರು.

"ಆಕಿ ಹುತ್ತಕ್ಕ ಹೋದಳ್ರಿ ಮಾಸ್ತರ. ಮಕ್ಕಳಿಗೂ ಕಲಿಸ್ಯಾಳ."

"ಎಷ್ಟು ದಿನ ಆತು?"

"ಎಣಸೂದು ಬಿಟ್ಟೆ."

"ಯಾರಾದ್ರೂ ಬಂದು, ಏನು ಮಾಡಿದಿ ಇಷ್ಟು ದಿನ, ತೋರಸು ಅಂದ್ರ?"

"ತೋರಸಾಕ ಏನೂ ಇಲ್ರಿ. ಕರಡಿ ಆ ದಾರಿಗೆ ಬರೂದಿಲ್ಲ. ಅಷ್ಟ."



ಪಂಪಾವತಿ ಒಂದು ಹೆಜ್ಜೆ ಮುಂದೆ ಬಂದಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟೆಲ್ಲ ತಪ್ಪು ಮಾಡಿದಾಕಿ ನಾ. ಆದ್ರೂ ಹೆಮ್ಮಿ ಆಗೇತ್ರಿ. ವೇದಿಕಿ ಮ್ಯಾಲೆ ಆಗಿದ್ದಕ್ಕಿಂತ ಭಾಳ. ಎದಿಯಾಗ ಹಿಡಿಸವಲ್ದು. ಇದನ್ನ ಏನು ಮಾಡ್ಲಿ?"

ಮಾಸ್ತರು ಎದ್ದರು. ಒಳಗೆ ಹೋಗಿ ಗೂಟದಿಂದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡರು. ಕೋಲು ಹಿಡಿದು ಹೊರಗೆ ಬಂದರು. ಚಪ್ಪಲಿ ಮೆಟ್ಟಿದರು.

"ಆ ಹುತ್ತ ಎಲ್ಲೈತಿ ಅಂದಿ?"

"ಗುಡ್ಡದ ಪಡುವಣ ಮಗ್ಗಲಾಗ್ರಿ."

"ನಲವತ್ತು ವರ್ಷದಾಗ ಆ ಮಗ್ಗಲಾಗ ಒಂದು ಕರಡಿನೂ ನನಗ ಕಂಡಿಲ್ಲ."

"ದೂರದಿಂದ ಕಾಣಸ್ತೈತ್ರಿ. ಒಂದು ಬಂಡೆಗಲ್ಲು ಐತಿ," ಎಂದಳು ಪಂಪಾವತಿ. "ಕ್ಯಾಮೆರಾ ತರಲೇನ್ರಿ?"

ಮಾಸ್ತರು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

"ಅಲ್ಲಿ ಏನು ಬೇಕು, ಏನು ಬ್ಯಾಡ ಅಂತ ಇವತ್ತು ನನ್ನ ಕೇಳಬ್ಯಾಡ ತಂಗಿ. ಮುಂದ ನೀ ನಡಿ. ನಾ ಹಿಂದ ಬರ್ತೀನಿ."